ಹುಣಸೆಹಣ್ಣು ತಿಕ್ಕಿದ ದುರ್ಬೀನು

"ಇದರಾಗ ನೋಡ್ರಿ. ಬೆಟಗೇರಿ ಜಿನ್ನಿನ ಚಿಮಣಿ ಮ್ಯಾಲ ಕುಂತ ಕಾಗಿ ಕಣ್ಣ ಮಿಟಕಿಸೂದು ಸೈತ ಕಾಣತೈತಿ."

ಅಂಗಡಿಕಾರ ಅಲ್ಲಾಉದ್ದೀನ ಈ ಮಾತನ್ನು ಎಷ್ಟನೆಯ ಸಲ ಹೇಳುತ್ತಿದ್ದಾನೋ ದೇವರಿಗೇ ಗೊತ್ತು. ಲಕ್ಷ್ಮೇಶ್ವರ ಠಾಣೆಯ ಫೌಜದಾರ ತಿರಕಪ್ಪ ಹಲ್ಲು ಕಚ್ಚಿಕೊಂಡು ದುರ್ಬೀನನ್ನು ಮತ್ತೆ ಕಣ್ಣಿಗೆ ಹಿಡಿದ. ಹತ್ತಿ ಗಿರಣಿಯ ಚಿಮಣಿ ಕಂಡಿತು. ಕಾಗೆಯ ಸುಳಿವೇ ಇರಲಿಲ್ಲ. ಬೆಳಗಿನಿಂದ ಗದಗಿನ ಈ ಬಂದೂಕಿನಂಗಡಿಯಲ್ಲಿ ಕುಳಿತು ಕುಳಿತು ಸೊಂಟ ಹಿಡಿದುಹೋಗಿತ್ತು. ಕುಡಿದ ಚಹಾ ಎಲ್ಲ ಹೊಟ್ಟೆಯಲ್ಲಿ ಹುಳಿಯಾಗಿತ್ತು. ಬಂದ ಕೆಲಸ ಮಾತ್ರ ಎಳ್ಳಷ್ಟೂ ಮುಂದೆ ಸರಿದಿರಲಿಲ್ಲ.

ಖಾಕಿ ಬಿಟ್ಟು, ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿಕೊಂಡು ಅವನು ಮುಂಡರಗಿ ಕಡೆಯ ರೈತನ ವೇಷದಲ್ಲಿ ಬಂದಿದ್ದ. ಕಪ್ಪತಗುಡ್ಡದ ಹಂದಿಗಳು ಇಳಿದು ಬಂದು ಶೇಂಗಾ ಹೊಲವನ್ನು ಹಾಳುಗೆಡವುತ್ತಿವೆ, ಬಂದೂಕಿದೆ, ಅದರ ಮೇಲೆ ಕೂಡಿಸಲಿಕ್ಕೆ ಒಂದು ದುರ್ಬೀನು ಬೇಕು, ಕೈಗೆಟಕುವ ಬೆಲೆಯದಾಗಿರಬೇಕು, ಆದರೆ ಕೊಟ್ಟ ರೊಕ್ಕಕ್ಕೆ ಮೋಸ ಇರಬಾರದು ಎಂದು ಕಥೆ ಕಟ್ಟಿದ್ದ. ಅಷ್ಟು ಹೇಳಿದ್ದೇ ತಪ್ಪಾಯಿತು. ಅಲ್ಲಾಉದ್ದೀನ ಬಾಯಿ ತೆರೆದವನು ಮುಚ್ಚಲೇ ಇಲ್ಲ.

ನಿಜಕ್ಕೂ ತಿರಕಪ್ಪನಿಗೆ ಬೇಕಾಗಿದ್ದದ್ದು ಒಂದೇ ಸಂಗತಿ. ಬನ್ನಿ ಹಬ್ಬದ ಮುಸ್ಸಂಜೆ ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿ ಚನ್ನಬಸವಣ್ಣ ಸಾವಕಾರ ಬನ್ನಿಗಿಡದ ಕಟ್ಟೆಯ ಮೇಲೆ ನಿಂತು ಮಂದಿಗೆ ಬನ್ನಿ ಕೊಡುತ್ತಿದ್ದಾಗ, ಕೆರೆಯ ಆಚೆ ದಂಡೆಯಿಂದ ಯಾರೋ ಒಂದೇ ಗುಂಡಿಗೆ ಅವನನ್ನು ಕೆಡವಿದ್ದರು. ಸಾವಕಾರನ ಸ್ವಂತ ಬಂದೂಕೇ ಕೆರೆಯ ಜೇಕುಹುಲ್ಲಿನಲ್ಲಿ ಸಿಕ್ಕಿತ್ತು. ಅದರ ಮೇಲೆ ದುರ್ಬೀನು ಹಿಡಿಯುವ ಎರಡು ಕಬ್ಬಿಣದ ಬಳೆಗಳಿದ್ದವು, ದುರ್ಬೀನು ಇರಲಿಲ್ಲ. ಅದು ಆಮೇಲೆ ಸಿಕ್ಕಿದ್ದು ಪಕ್ಕದ ಊರು ಅಡರಕಟ್ಟಿಯಲ್ಲಿ, ಸಾವಕಾರನ ಹೊಲ ಕಾಯುವ ಗಾಳೆಪ್ಪನ ಮನೆಯ ಅಟ್ಟದ ಮೇಲೆ. ಗಾಳೆಪ್ಪ ಅವತ್ತಿನಿಂದ ಲಾಕಪ್ಪಿನಲ್ಲಿದ್ದ. ಎಲ್ಲರಿಗೂ ಕೇಸು ಮುಗಿದಿತ್ತು. ತಿರಕಪ್ಪನಿಗೆ ಮಾತ್ರ ಮುಗಿದಿರಲಿಲ್ಲ.

ಗಾಳೆಪ್ಪ ಖೂನಿ ಮಾಡುವವನಲ್ಲ ಎಂದು ಅವನ ಮನಸ್ಸು ಹೇಳುತ್ತಿತ್ತು. ಮನಸ್ಸಿನ ಮಾತನ್ನು ಕೋರ್ಟಿನಲ್ಲಿ ಯಾರು ಕೇಳುತ್ತಾರೆ? ಅದಕ್ಕೇ ಆ ದುರ್ಬೀನನ್ನು ಚೀಲದಲ್ಲಿ ಹಾಕಿಕೊಂಡು ಗದಗಿಗೆ ಬಂದಿದ್ದ. ಇಂಥದ್ದನ್ನು ಯಾರು ಕೊಂಡರು, ಎಷ್ಟು ಕೊಂಡರು, ಅದರಿಂದ ಮುಸ್ಸಂಜೆಯ ಹೊತ್ತಿನಲ್ಲಿ ಕೆರೆ ದಾಟಿ ಗುರಿ ಹಿಡಿಯಲಿಕ್ಕೆ ಆಗುತ್ತದೋ ಇಲ್ಲವೋ ತಿಳಿಯಬೇಕಿತ್ತು.

ಅಲ್ಲಾಉದ್ದೀನ ಕೆಂಪು ಬಟ್ಟೆಯ ಮೇಲೆ ಮೂರು ದುರ್ಬೀನು ಜೋಡಿಸಿಟ್ಟಿದ್ದ. ಮೊದಲನೆಯದು ಮುಂಬಯಿಯಲ್ಲಿ ಯಾರೋ ಕೂಡಿಸಿದ್ದು, ಹಿತ್ತಾಳೆಯ ನಳಿಗೆಗೆ ಕರಿ ಬಣ್ಣ ಬಳಿದದ್ದು, ಎಲ್ಲಕ್ಕಿಂತ ಅಗ್ಗ. ನಡುವಿನದು ಜಪಾನಿನ ಉಕ್ಕು. ಕೊನೆಯದು ಜರ್ಮನಿಯದು, ಚರ್ಮದ ಚೀಲದ ಸಮೇತ. ಅದರ ಬೆಲೆ ಕೇಳಿದಾಗ ತಿರಕಪ್ಪ ಅದನ್ನು ಮೆಲ್ಲಗೆ ಬಟ್ಟೆಯ ಮೇಲೆ ತಿರುಗಿ ಇಟ್ಟುಬಿಟ್ಟ. ಆ ರೊಕ್ಕಕ್ಕೆ ಒಂದು ಜೋಡಿ ಎತ್ತು ಬರುತ್ತಿದ್ದವು.

"ಎಷ್ಟ ಪಟ್ಟು ದೊಡ್ಡದು ತೋರಸ್ತೈತಿ ಅಂತ ಎಲ್ಲಾರೂ ಕೇಳ್ತಾರ್ರಿ. ಅದನ್ನ ಕೇಳಬಾರದು. ಹೊತ್ತು ಮುಳಗೂ ಮುಂದ ಏನ ತೋರಸ್ತೈತಿ ಅಂತ ಕೇಳಬೇಕು. ನಿಮ್ಮ ಹಂದಿ ಮಟಮಟ ಮಧ್ಯಾಹ್ನದಾಗ ಬರ್ತಾವೇನ್ರಿ?"

ಈ ಮಾತಿಗೆ ತಿರಕಪ್ಪನ ಕಿವಿ ನೆಟ್ಟಗಾಯಿತು. ಸಾವಕಾರ ಬಿದ್ದದ್ದೂ ಅಂಥ ಹೊತ್ತಿನಲ್ಲೇ.

ಅಲ್ಲಾಉದ್ದೀನ ಅಂಗಡಿಯ ಹಿಂದಿನ ಕತ್ತಲೆ ಕೋಣೆಯತ್ತ ಅಗ್ಗದ ದುರ್ಬೀನನ್ನು ತಿರುಗಿಸಿ ನೋಡಲು ಹೇಳಿದ. ಮೂಲೆಯಲ್ಲಿದ್ದ ಪೆಟ್ಟಿಗೆಗಳು ಬರಿಗಣ್ಣಿಗೆ ಕಂಡಷ್ಟೂ ಅದರಲ್ಲಿ ಕಾಣಲಿಲ್ಲ, ಎಲ್ಲವೂ ಮಸಿಯಾಗಿತ್ತು. ನಡುವಿನದರಲ್ಲಿ ಪೆಟ್ಟಿಗೆಯ ಮೊಳೆಗಳೂ ಕಂಡವು. ಆಮೇಲೆ ಎರಡನ್ನೂ ಮೇಜಿನ ಮೇಲೆ ಅಲುಗಾಡದಂತೆ ಇಟ್ಟು, ಕಣ್ಣನ್ನು ಮಾತ್ರ ಆಚೀಚೆ ಸರಿಸಿ ನೋಡಿರಿ ಎಂದ. ಅಗ್ಗದ್ದರಲ್ಲಿ ಒಳಗಿನ ಅಡ್ಡಗೆರೆ ಚಿಮಣಿಯನ್ನು ಬಿಟ್ಟು ಪಕ್ಕದ ಬೇವಿನ ಗಿಡಕ್ಕೆ ಹೋಯಿತು. ನಡುವಿನದರಲ್ಲಿ ಇದ್ದಲ್ಲೇ ಇತ್ತು. ಗುಂಡು ಹಾರಿದ ಹೊಡೆತಕ್ಕೆ ಅಗ್ಗದ್ದರ ಗೆರೆ ಜರುಗುತ್ತದೆ, ನಾಲ್ಕು ಗುಂಡಿಗೆ ಒಮ್ಮೆ ಗುರಿ ಹೊಸದಾಗಿ ಕೂಡಿಸಬೇಕು, ಜರ್ಮನಿಯದಕ್ಕೆ ನೀವು ಕೊಡುವ ಹೆಚ್ಚಿನ ರೊಕ್ಕ ಹೆಸರಿಗೆ ಮತ್ತು ಚೀಲಕ್ಕೆ, ಬಡವರೂ ಅಲ್ಲದ ಶ್ರೀಮಂತರೂ ಅಲ್ಲದ ಮಂದಿಗೆ ಈ ನಡುವಿನದೇ ಸೈ ಎಂದು ಅವನು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟ.

ಎಲ್ಲ ಸರಿ. ಆದರೆ ಅಗ್ಗದ್ದನ್ನು ಯಾರು ಯಾರು ಒಯ್ದಿದ್ದಾರೆ ಎಂದು ಸುತ್ತಿ ಬಳಸಿ ಕೇಳಿದರೆ ಮನುಷ್ಯ ಜಾರಿಕೊಳ್ಳುತ್ತಿದ್ದ. ಗಿರಾಕಿಯ ಹೆಸರು ಇನ್ನೊಬ್ಬ ಗಿರಾಕಿಗೆ ಹೇಳುವುದು ತನ್ನ ಅಂಗಡಿಯ ರಿವಾಜಲ್ಲವಂತೆ. ತಿರಕಪ್ಪನಿಗೆ ಮೈ ಪರಚಿಕೊಳ್ಳುವಂತಾಯಿತು. ವೇಷ ಹಾಳಾದರೆ ಹಾಳಾಗಲಿ ಎಂದು ಚೀಲದಿಂದ ಆ ದುರ್ಬೀನನ್ನು ತೆಗೆದು ಮೇಜಿನ ಮೇಲೆ ಇಟ್ಟ.

ಅಲ್ಲಾಉದ್ದೀನ ಅದನ್ನು ನೋಡಿದ, ಮುಟ್ಟಲಿಲ್ಲ.

"ಇದನ್ನ ಮುಂಜಾನೇನ ತೆಗದಿದ್ರ ಚೊಲೋ ಇತ್ತು, ಫೌಜದಾರ ಸಾಹೇಬ್ರ."

ತಿರಕಪ್ಪನ ಮುಖ ಸಪ್ಪಗಾಯಿತು. ಹೇಗೆ ಗೊತ್ತಾಯಿತು ಎಂದು ಕೇಳಿದ. ಅಲ್ಲಾಉದ್ದೀನ ಕಣ್ಣಿನಲ್ಲೇ ಕೆಳಗೆ ತೋರಿಸಿದ. ಧೋತರದ ಅಂಚಿನ ಕೆಳಗೆ ಸರಕಾರಿ ಬೂಟುಗಳು ಮಿರಮಿರ ಮಿಂಚುತ್ತಿದ್ದವು. ಹಾಳಾದ ಬೂಟು! ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಚಪ್ಪಲಿ ಮೆಟ್ಟುವುದನ್ನೇ ಮರೆತಿದ್ದ.

ಗೊತ್ತಿದ್ದೂ ಇಷ್ಟು ಹೊತ್ತು ಯಾಕೆ ಪುರಾಣ ಹೇಳಿದೆ ಎಂದು ರೇಗಿದರೆ, ಫೌಜದಾರರಿಗೂ ಹೊಲ ಇರುತ್ತದಲ್ಲ, ನಡುವಿನದು ನಿಮಗೂ ಬೇಷಾಗಿ ಕೂಡುತ್ತದೆ, ಬೇಕಾದರೆ ಎರಡು ಕಂತಿನಲ್ಲಿ ಕೊಡಿರಿ ಎಂದ ಆಸಾಮಿ. ತಿರಕಪ್ಪ ಬೈಯಲಿಕ್ಕೂ ಆಗದೆ ನಗಲಿಕ್ಕೂ ಆಗದೆ ಬೂಟುಗಳನ್ನು ಧೋತರದೊಳಗೆ ಎಳೆದುಕೊಂಡ.

ಒಂದು ಉಪಕಾರವಾಯಿತು. ವೇಷ ಕಳಚಿದ ಮೇಲೆ ಅಲ್ಲಾಉದ್ದೀನನ ನಾಲಿಗೆ ಸಡಿಲಾಯಿತು. ಚನ್ನಬಸವಣ್ಣ ಸಾವಕಾರ ಬೇಸಿಗೆಯಲ್ಲಿ ಬಂದು ಈ ಅಗ್ಗದ್ದನ್ನು ಒಯ್ದಿದ್ದನಂತೆ. ಎಷ್ಟು ತಿಳಿಸಿ ಹೇಳಿದರೂ ಕೇಳಲಿಲ್ಲ. ಶ್ರಾವಣದಲ್ಲಿ ತಿರುಗಿ ಬಂದು, ಒಂದು ಹಂದಿಯೂ ಬೀಳಲಿಲ್ಲ, ಗುರಿ ನಿಲ್ಲುವುದಿಲ್ಲ, ಸಂಜೆಗೆ ಕುರುಡಾಗುತ್ತದೆ ಎಂದು ಅಂಗಡಿಯ ಮುಂದೆ ಕೂಗಾಡಿದನಂತೆ. ಹಳೆಯದನ್ನು ಅಲ್ಲಾಉದ್ದೀನ ವಾಪಸು ತೆಗೆದುಕೊಳ್ಳಲಿಲ್ಲ. ಸಾವಕಾರ ಅದನ್ನೂ ಇಟ್ಟುಕೊಂಡು, ನಡುವಿನದನ್ನು ಹೊಸದಾಗಿ ಕೊಂಡು ಹೋಗಿದ್ದ. ಎರಡೂ ಅದೇ ಬಂದೂಕಿನ ಬಳೆಗೆ ಕೂಡುತ್ತಿದ್ದವು.

"ಅಂದ್ರ ಆ ಮನಿಯಾಗ ಎರಡ ಇದ್ವು?"

"ಎರಡ ಇದ್ವು. ಸಾವಕಾರ್ರ ಹೆಂಡತೀನೂ ಅವತ್ತ ಸಂಗಾಟ ಬಂದಿದ್ರು. ಹೊಸದು ಒಯ್ಯುಮುಂದ ಅವರ ಕೈಯಾಗ ಕೊಟ್ಟೆ."

ತಿರಕಪ್ಪ ಬೆನ್ನು ನೇರ ಮಾಡಿದ. ಸಾವಕಾರನ ಹೆಂಡತಿ ಅನ್ನಪೂರ್ಣವ್ವ ತನ್ನ ಹೇಳಿಕೆಯಲ್ಲಿ, ಮನೆಯಲ್ಲಿದ್ದದ್ದು ಒಂದೇ ದುರ್ಬೀನು, ಅದನ್ನು ಗಾಳೆಪ್ಪ ಕದ್ದ ಎಂದು ಕಣ್ಣೀರು ಹಾಕಿ ಬರೆಸಿದ್ದಳು. ಅವಳು ಗಂಡನ ಜೊತೆ ಗದಗಿಗೆ ಬಂದು ತನ್ನ ಕೈಯಾರೆ ತೆಗೆದುಕೊಂಡದ್ದನ್ನು ಮರೆತಳೆಂದರೆ ನಂಬುವುದು ಹೇಗೆ?

ಅಲ್ಲಾಉದ್ದೀನ ಈಗ ಆ ಅಗ್ಗದ ದುರ್ಬೀನನ್ನು ಎತ್ತಿ ಕಣ್ಣಿಗೆ ಹಿಡಿದ. ಕೂಡಲೇ ಕೆಳಗಿಳಿಸಿದ. ನಾನು ಕೊಟ್ಟಾಗ ಹೀಗಿರಲಿಲ್ಲ, ಇದಕ್ಕೆ ನನ್ನನ್ನು ಹೊಣೆ ಮಾಡಬೇಡಿರಿ ಎಂದು ಗೊಣಗಿದ. ತಿರಕಪ್ಪ ಕಸಿದುಕೊಂಡು ತಾನೂ ನೋಡಿದ. ಒಳಗೆಲ್ಲ ಬಿಳಿಯ ಮಂಜು. ಚಿಮಣಿಯೂ ಇಲ್ಲ, ಬೇವಿನ ಗಿಡವೂ ಇಲ್ಲ, ಆಕಾಶವೂ ಇಲ್ಲ. ಗಾಜಿನ ಒಳಮೈಯಲ್ಲಿ ನೀರಿನ ಹನಿಗಳು ಕೂತಿದ್ದವು.

ಛೇ, ಇಷ್ಟು ದಿನ ಇದು ಠಾಣೆಯ ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಕುಳಿತಿತ್ತು. ಬಂದವರೆಲ್ಲ ಅದನ್ನು ಹೊರಗಿನಿಂದ ನೋಡಿದ್ದರು, ಅಳತೆ ಹಾಕಿದ್ದರು, ಬಂದೂಕಿನ ಬಳೆಗೆ ಕೂಡಿಸಿ ಕೈ ತಟ್ಟಿದ್ದರು. ಒಬ್ಬನೇ ಒಬ್ಬ ಅದರೊಳಗೆ ಕಣ್ಣಿಟ್ಟು ನೋಡಿರಲಿಲ್ಲ. ತಾನೂ ನೋಡಿರಲಿಲ್ಲ. ತಿರಕಪ್ಪನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನ್ನಿಸಿತು.

ಕೆರೆಯ ನೀರು ಹೊಕ್ಕಿರಬೇಕು ಎಂದ ಅಲ್ಲಾಉದ್ದೀನ. ತಿರಕಪ್ಪ ದುರ್ಬೀನನ್ನು ಬಾಗಿಲ ಬೆಳಕಿಗೆ ಒಯ್ದ. ಕರಿ ಬಣ್ಣ ಅಲ್ಲಲ್ಲಿ ಎದ್ದುಹೋಗಿ ಕೆಳಗಿನ ಹಿತ್ತಾಳೆ ಚಿನ್ನದಂತೆ ಹೊಳೆಯುತ್ತಿತ್ತು. ಬಳಸಿ ಸವೆದ ಹೊಳಪು ಅದಲ್ಲ, ತಿಕ್ಕಿ ತಿಕ್ಕಿ ಬಂದ ಹೊಳಪು. ತಿರುಗಿಸುವ ಬಳೆಯ ಗೀರುಗಳಲ್ಲಿ ಕಂದು ಬಣ್ಣದ ಏನೋ ಒಣಗಿ ಕೂತಿತ್ತು. ಉಗುರಿನಿಂದ ಕೆದರಿ ಮೂಸಿ ನೋಡಿದ. ನಾಲಿಗೆಗೂ ಹಚ್ಚಿಕೊಂಡ. ಹುಳಿ. ಹುಣಸೆಹಣ್ಣು, ಅದರ ಜೊತೆ ಒಲೆಯ ಬೂದಿ. ಸ್ಕ್ರೂವಿನ ಸಂದಿಯಲ್ಲಿ ಚೂರು ವಿಭೂತಿ, ಅದರ ಮೇಲೆ ಕುಂಕುಮದ ಕೆಂಪು.

ತಿರಕಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಖಂಡೇಪೂಜೆ.

ಮಹಾನವಮಿಯ ದಿನ ಮನೆಮನೆಯಲ್ಲೂ ಕುಡುಗೋಲಿನಿಂದ ಹಿಡಿದು ಬಂದೂಕಿನವರೆಗೆ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ತೊಳೆಯುವವರು ಹೆಣ್ಣುಮಕ್ಕಳು. ಕಬ್ಬಿಣವಾದರೆ ಒರೆಸಿ ಇಡುತ್ತಾರೆ. ಹಿತ್ತಾಳೆ ಕಣ್ಣಿಗೆ ಬಿದ್ದರೆ ಮುಗಿಯಿತು, ಹುಣಸೆಹಣ್ಣು ಹಚ್ಚಿ ಮುಖ ಕಾಣುವಷ್ಟು ತಿಕ್ಕದೆ ಅವರ ಕೈ ನಿಲ್ಲುವುದಿಲ್ಲ. ಅವನ ಹೆಂಡತಿ ಹೋದ ವರ್ಷ ಅವನ ಬೆಲ್ಟಿನ ಬಿಲ್ಲೆಯನ್ನು ಹಾಗೆ ತಿಕ್ಕಿ ಅದರ ಮೇಲಿನ ನಂಬರನ್ನೇ ಅಳಿಸಿಹಾಕಿದ್ದಳು. ಯಾರೋ ಮಹಾತಾಯಿ ಈ ದುರ್ಬೀನನ್ನು ತಂಬಿಗೆಯಂತೆ ನೀರಿನಲ್ಲಿ ಅದ್ದಿ ತಿಕ್ಕಿದ್ದಳು.

ಪೂಜೆ ನವಮಿಗೆ, ಖೂನಿ ಮರುದಿನ ದಶಮಿಗೆ. ಅಂದರೆ ಗುಂಡು ಹಾರುವ ಮೊದಲೇ ಇದು ಕುರುಡಾಗಿತ್ತು. ಇದನ್ನು ಬಂದೂಕಿಗೆ ಕೂಡಿಸಿ ಸಾವಕಾರನನ್ನಲ್ಲ, ಎದುರಿಗಿದ್ದ ಆನೆಯನ್ನೂ ಹೊಡೆಯಲಿಕ್ಕೆ ಆಗುತ್ತಿರಲಿಲ್ಲ. ಗುಂಡು ಹೊಡೆದವನ ಬಂದೂಕಿನ ಮೇಲಿದ್ದದ್ದು ಇನ್ನೊಂದು, ಆ ನಡುವಿನದು.

ಶಿರಹಟ್ಟಿಯ ದಾರಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂದಿಯೆಲ್ಲ ಬರುವ ವಾರ ನಾಡು ಒಂದಾಗುವ ಮಾತನ್ನೇ ಆಡುತ್ತಿದ್ದರು. ಗದಗಿನಲ್ಲಿ ಮೆರವಣಿಗೆಯಂತೆ, ಲಕ್ಷ್ಮೇಶ್ವರದಲ್ಲಿ ತೋರಣವಂತೆ. ತಿರಕಪ್ಪನಿಗೂ ಹಿಗ್ಗು ಇರಬೇಕಾಗಿತ್ತು. ಆದರೆ ಆ ಹಿಗ್ಗೇ ಗಾಳೆಪ್ಪನ ಕುತ್ತಿಗೆಗೆ ಬಂದಿತ್ತು. ಜಿಲ್ಲೆ ಮುಂಬಯಿಯ ಕೈಬಿಟ್ಟು ಮೈಸೂರಿಗೆ ಸೇರುವ ಮೊದಲು ತನ್ನ ಮೇಜಿನ ಮೇಲೆ ಒಂದು ಖೂನಿಯ ಕಾಗದವೂ ಉಳಿಯಬಾರದು ಎಂದು ಸರ್ಕಲ್ ಸಾಹೇಬರು ಹಟ ಹಿಡಿದಿದ್ದರು.

ಸಾಹೇಬರು ಶಿರಹಟ್ಟಿಯ ಬಂಗಲೆಯಲ್ಲಿ ಮುಕ್ಕಾಂ ಮಾಡಿದ್ದರು. ತಿರಕಪ್ಪ ಬಸ್ಸಿಳಿದು ನೇರ ಅಲ್ಲಿಗೆ ಹೋಗಿ ಎಲ್ಲವನ್ನೂ ವಿವರಿಸಿದ. ಸಾಹೇಬರು ಊಟ ಮುಗಿಸಿ ಅಡಿಕೆ ಕತ್ತರಿಸುತ್ತಿದ್ದರು. ಹುಣಸೆಹಣ್ಣಿನ ಮಾತು ಬಂದಾಗ ಅಡಕತ್ತರಿ ನಿಂತಿತು, ಆಮೇಲೆ ನಗೆ ಬಂತು. ಖೂನಿಯ ಕೇಸಿಗೆ ಸಾಂಬಾರು ಮಾಡಲು ಹೊರಟಿದ್ದೀಯಾ ಎಂದು ಕೇಳಿದರು. ಗಾಳೆಪ್ಪನೇ ಖೂನಿಯಾದ ಮೇಲೆ ಅದನ್ನು ತೊಳೆದು, ಪೂಜೆ ಮಾಡಿದಂತೆ ಕಾಣಲಿ ಎಂದು ವಿಭೂತಿ ಹಚ್ಚಿರಬಾರದೇಕೆ ಎಂದರು. ತಿರಕಪ್ಪ ವಾದಿಸಿದ. ಗಂಟಲು ಒಣಗುವವರೆಗೆ ವಾದಿಸಿದ.

ಕೊನೆಗೆ ಸಾಹೇಬರು ಒಂದು ದಾರಿ ಬಿಟ್ಟರು. ನವಮಿಯ ದಿನ ತಾನೇ ತೊಳೆದೆ ಎಂದು ಹೇಳುವ ಹೆಂಗಸನ್ನು ಹುಡುಕಿ ಸಂಜೆಯೊಳಗೆ ಅವಳ ಹೇಳಿಕೆ ಬರೆಸಿ ತರಬೇಕು. ಇಲ್ಲವಾದರೆ ಬೆಳಿಗ್ಗೆ ಗಾಳೆಪ್ಪನ ಮೇಲೆ ಖೂನಿಯ ಖಟ್ಲೆ ಹೂಡಿ ಕಾಗದ ಕಳಿಸುವುದೇ. ತಿರಕಪ್ಪನ ಕೈಗೆ ಬರೆಯುವ ಕೆಲಸ ಬಿಡಲಿಲ್ಲ. ತಮ್ಮ ಸ್ವಂತ ರೈಟರ್ ಹವಾಲ್ದಾರ ಕರೀಮಸಾಬನನ್ನು ಜೊತೆಗೆ ಕಳಿಸಿ, ಅವಳು ಆಡಿದ್ದರಲ್ಲಿ ಒಂದಕ್ಷರ ಬಿಡಬಾರದು, ಒಂದಕ್ಷರ ಕೂಡಿಸಬಾರದು ಎಂದು ತಾಕೀತು ಮಾಡಿದರು.

ತೊಳೆದವಳು ಯಾರೆಂದು ತಿರಕಪ್ಪ ದಾರಿಯಲ್ಲೇ ಲೆಕ್ಕ ಹಾಕಿದ್ದ. ಸಾವಕಾರನ ಮನೆಯ ಮುಸುರೆ ಕೆಲಸ ಮಾಡುತ್ತಿದ್ದವಳು ಸಾವಂತ್ರೆವ್ವ, ಗಾಳೆಪ್ಪನ ಹೆಂಡತಿ. ಹಬ್ಬದ ಸಾಮಾನೆಲ್ಲ ಅವಳ ಕೈಯಲ್ಲೇ ಆಗಬೇಕು. ಅವಳನ್ನು ಹುಡುಕುವ ಕಷ್ಟವೂ ಇರಲಿಲ್ಲ. ಗಂಡನನ್ನು ಹಿಡಿದು ತಂದ ದಿನದಿಂದ ಅವಳು ಲಕ್ಷ್ಮೇಶ್ವರ ಠಾಣೆಯ ಮುಂದಿನ ಬೇವಿನ ಗಿಡದ ಕೆಳಗೆ ಕುಳಿತಿದ್ದಳು. ರೊಟ್ಟಿ ಕಟ್ಟಿಕೊಂಡು ಬರುವುದು, ಒಳಗೆ ಕೊಡುವುದು, ಕೂಡುವುದು, ಹೊತ್ತು ಮುಳುಗಿದಾಗ ಏಳುವುದು.

ತಿರಕಪ್ಪ ಲಕ್ಷ್ಮೇಶ್ವರಕ್ಕೆ ಬಂದು ಅವಳನ್ನು ಠಾಣೆಯ ಕಟ್ಟೆಗೆ ಕರೆಸಿ ಕೂಡಿಸಿದ. ಕಟ್ಟೆಯ ಆ ತುದಿಗೇ ಲಾಕಪ್ಪಿನ ಕಂಬಿಗಳು. ಗಾಳೆಪ್ಪ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ತಾನು ನವಮಿ, ದಶಮಿ ಎರಡೂ ದಿನ ಮುಂಡರಗಿಯಲ್ಲಿ ಅಕ್ಕನ ಮನೆಯಲ್ಲಿದ್ದೆ ಎಂದು ಮೊದಲ ದಿನ ಹೇಳಿದ್ದು ಬಿಟ್ಟರೆ ಅವನು ಬಾಯಿ ಬಿಟ್ಟಿರಲಿಲ್ಲ. ಅಕ್ಕನೂ ಹೌದೆಂದಿದ್ದಳು. ಸಾಹೇಬರು ಅಕ್ಕನ ಮಾತನ್ನು ನಂಬಲಿಲ್ಲ, ತಿರಕಪ್ಪ ನಂಬಿದ್ದ.

ಕರೀಮಸಾಬ ಕಾಗದ ಹರವಿಕೊಂಡು ಕೂತ. ತಿರಕಪ್ಪ ದುರ್ಬೀನನ್ನು ಸಾವಂತ್ರೆವ್ವನ ಮುಂದೆ ಇಟ್ಟು, ಇದನ್ನು ತೊಳೆದವಳು ನೀನೇ ಅಲ್ಲವೇ ಎಂದು ಕೇಳಿದ.

"ಅದು ನಮ್ಮ ಮನ್ಯಾಗ ಇರಲೇ ಇಲ್ರಿ. ಯಾರೋ ತಂದ ಇಟ್ಟಾರ."

ಮನೆಯ ಮಾತು ಕೇಳಲಿಲ್ಲ, ತೊಳೆದ ಮಾತು ಕೇಳಿದೆ ಎಂದ. ಅದಕ್ಕೂ ಅದೇ ಉತ್ತರ. ನವಮಿಯ ದಿನ ಸಾವಕಾರರ ಮನೆಯಲ್ಲಿ ಏನೇನು ತೊಳೆದೆ ಎಂದ. ಅದಕ್ಕೂ ಅದೇ. ಮೃದುವಾಗಿ ಕೇಳಿದ, ತಂಗೀ ಅಂದ, ನೀನು ಹೌದೆಂದರೆ ನಿನ್ನ ಗಂಡ ಬದುಕುತ್ತಾನೆ ಅಂದ. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಒಪ್ಪಿಸುವ ಪಾಠದಂತೆ ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿದಳು.

ತಿರಕಪ್ಪನ ತಾಳ್ಮೆ ಹರಿಯಿತು. ಎದ್ದು ಹೋಗಿ ಗಡಿಗೆಯ ನೀರು ಕುಡಿದು ಬಂದ. ಕೂಗಾಡಿದ. ಕೂಗಾಡಿದ್ದಕ್ಕೆ ನಾಚಿಕೆಪಟ್ಟ. ಈ ಹೆಂಗಸಿನ ಬಾಯಲ್ಲಿ ಅವಳ ಗಂಡನ ಜೀವವಿದೆ, ಅವಳೋ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ, ಹೊತ್ತು ಇಳಿಯುತ್ತಿದೆ. ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು?

ಇರಲಿಲ್ಲ ಅಂತ ಬರೆದು ಮುಗಿಸಲೇ ಎಂದು ಕರೀಮಸಾಬ ಕೇಳಿದ. ಸುಮ್ಮನಿರಪಾ ಎಂದು ತಿರಕಪ್ಪ ಅವನ ಮೇಲೂ ಹರಿಹಾಯ್ದ. ಆಮೇಲೆ ದನಿ ಇಳಿಸಿ, ಈ ಮಾತನ್ನು ನಿನಗೆ ಯಾರು ಕಲಿಸಿದರು ಎಂದು ಸಾವಂತ್ರೆವ್ವನನ್ನು ಕೇಳಿದ.

"ನಿಮ್ಮ ಪೊಲೀಸ್ರ ಹೇಳ್ಯಾರ್ರಿ. ಅದು ಮನ್ಯಾಗ ಇತ್ತಂತ ಒಪ್ಪಿಕೊಂಡ್ರ ಗಲ್ಲಿಗೆ ಹಾಕ್ತಾರ, ಇರಲಿಲ್ಲ ಅನ್ನು ಅಂತ."

ಯಾರೋ ಪೇದೆ ಕನಿಕರಪಟ್ಟು ಹೇಳಿಕೊಟ್ಟಿದ್ದ. ಒಳ್ಳೆಯ ಮನಸ್ಸಿನಿಂದ ಗಾಳೆಪ್ಪನ ಕೊರಳಿಗೆ ಹಗ್ಗ ಬಿಗಿದಿದ್ದ. ತಿರಕಪ್ಪ ನಿಟ್ಟುಸಿರುಬಿಟ್ಟು ದುರ್ಬೀನನ್ನು ಅವಳ ಕೈಯಲ್ಲಿ ಕೊಟ್ಟು, ಬೇವಿನ ಗಿಡದ ಕಡೆಗೆ ಹಿಡಿದು ನೋಡು ಎಂದ. ಅವಳು ಹಾವು ಹಿಡಿದವಳಂತೆ ಹಿಡಿದು ನೋಡಿದಳು.

"ಏನ ಕಾಣತೈತಿ?"

"ಏನೂ ಕಾಣವಲ್ದರಿ."

"ಹಂಗಾದ್ರ ಇದರಾಗ ನೋಡಿ, ಕೆರಿ ಆಚಿಗೆ ನಿಂತ ಮನಷಾಗ ಗುಂಡು ಹೊಡಿಯಾಕ ಆಕೈತೇನು?"

ಸಾವಂತ್ರೆವ್ವ ದುರ್ಬೀನನ್ನು ಇಳಿಸಲಿಲ್ಲ. ಮತ್ತೆ ನೋಡಿದಳು. ಇನ್ನೊಂದು ಕಣ್ಣಿಗೆ ಹಿಡಿದು ನೋಡಿದಳು.

"ಇದಕ್ಕ ನೀರು ಹೊಕ್ಕದ್ದು ಬನ್ನಿ ಹಬ್ಬದ ಹಿಂದಿನ ದಿನ. ಅದನ್ನ ನೀ ಹೇಳಿದ್ರ ಈ ಆರೋಪ ಬೀಳತೈತಿ. ನೋಡ ತಂಗೀ, ನಾ ನಿನಗ ಮಾತ ಕೊಡ್ತೀನಿ. ಖರೇ ಹೇಳು, ಒಂದೂ ಬಿಡಬ್ಯಾಡ. ನಿನ್ನ ಗಂಡನ್ನ ನಾ ಬಿಡಸ್ತೀನಿ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲವನ್ನೂ ಹೇಳಿದಳು.

ನವಮಿಯ ಬೆಳಿಗ್ಗೆ ಸಾವಕಾರರು ಬಂದೂಕು, ತಕ್ಕಡಿ, ಎರಡು ದುರ್ಬೀನು ಎಲ್ಲವನ್ನೂ ಹಿತ್ತಲಿಗೆ ಕಳಿಸಿದ್ದರು. ಒಂದು ದುರ್ಬೀನಿನ ಬಣ್ಣ ಎದ್ದು ಒಳಗೆ ಹಿತ್ತಾಳೆ ಕಂಡಿತು. ಇಷ್ಟು ಚೆಂದದ ಹಿತ್ತಾಳೆಗೆ ಯಾರು ಮಸಿ ಬಳಿದರೋ ಎಂದು ಹುಣಸೆಹಣ್ಣು ಹಾಕಿ ತಿಕ್ಕಿದಳು, ಕೊಪ್ಪರಿಗೆಯಲ್ಲಿ ಅದ್ದಿ ತೊಳೆದಳು. ಇನ್ನೊಂದರಲ್ಲಿ ಹಿತ್ತಾಳೆ ಇರಲಿಲ್ಲ, ಒಣ ಬಟ್ಟೆಯಿಂದ ಒರೆಸಿ ವಿಭೂತಿ ಹಚ್ಚಿದಳು. ಪೂಜೆಯಾದ ಮೇಲೆ ಸಾವಕಾರರು ಹಳೆಯದರಲ್ಲಿ ಕಣ್ಣಿಟ್ಟು ನೋಡಿದರು, ಹಾಳು ಮಾಡಿದೆ ಎಂದು ಬೈದು ಅದನ್ನು ತಿಪ್ಪೆಗೆ ಎಸೆದರು. ಅವಳು ಆರಿಸಿಕೊಂಡು ಮನೆಗೆ ಒಯ್ದಳು. ಅಟ್ಟದ ಮೇಲೆ ಒಲೆಯ ಕಾವು ಬಡಿಯುತ್ತದೆ, ಅಲ್ಲಿಟ್ಟರೆ ಒಳಗಿನ ನೀರು ಆರುತ್ತದೆ, ಆರಿದ ಮೇಲೆ ತಿರುಗಿ ಕೊಟ್ಟರಾಯಿತು ಎಂದು ಅವಳ ಲೆಕ್ಕ. ಕೊಡುವುದರೊಳಗೆ ಸಾವಕಾರರೇ ಹೋಗಿಬಿಟ್ಟರು.

ಕರೀಮಸಾಬನ ಲೇಖನಿ ಕರಕರ ಓಡುತ್ತಿತ್ತು. ತಿರಕಪ್ಪನಿಗೆ ಎದ್ದು ಕುಣಿಯಬೇಕೆನಿಸಿತು. ಆ ಇನ್ನೊಂದು ಎಲ್ಲಿ ಹೋಯಿತು ಎಂದು ಕೇಳಿದ.

"ಸಾವಕಾರ್ರು ಕಪಾಟಿನ್ಯಾಗ ಇಟ್ರು. ಕೀಲಿ ಅನ್ನಪೂರ್ಣವ್ವಾರ ನಡದಾಗ ಇರತೈತ್ರಿ. ಬ್ಯಾರೆ ಯಾರಿಗೂ ಕೊಡೂದಿಲ್ಲ ಅವರು."

ಕರೀಮಸಾಬ ತಲೆಯೆತ್ತಿ ನೋಡಿದ. ಸಾಹೇಬರ ಕೇಸು ಕೈತಪ್ಪಿತೆಂದು ಅವನ ಮುಖ ಬಾಡಿತ್ತು. ಒಂದೇ ದುರ್ಬೀನು ಎಂದು ಬರೆಸಿದವಳ ಸೊಂಟದಲ್ಲೇ ಎರಡನೆಯದರ ಕೀಲಿ. ತಿರಕಪ್ಪ ಅಷ್ಟು ದಿನದಲ್ಲಿ ಮೊದಲ ಸಲ ಗೋಡೆಗೆ ಒರಗಿ ಕುಳಿತ. ಸಾಕು ತಂಗೀ, ನಿನ್ನ ಕೆಲಸ ಮುಗಿಯಿತು, ಏಳು ಎಂದ.

ಸಾವಂತ್ರೆವ್ವ ಏಳಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಸಿದವಳ ಮುಖ ಅವಳದಾಗಿತ್ತು. ಕಣ್ಣಲ್ಲಿ ನೀರಿದ್ದರೂ ನಗುತ್ತಿದ್ದಳು.

"ಇನ್ನೂ ಐತ್ರಿ. ಒಂದೂ ಬಿಡಬ್ಯಾಡ ಅಂದ್ರಲ್ರಿ ನೀವು. ದುರ್ಬೀನು ಒಗದ ಮ್ಯಾಲ ಸಾವಕಾರ್ರು ಸಿಟ್ಟಿಲೆ ನನಗ ಹೊಡದ್ರು. ಕಾಲಾಗಿನ ಮೆಟ್ಟ ತಗೊಂಡು, ಹಬ್ಬಕ್ಕ ಬಂದ ಬೀಗರ ಮುಂದ. ನನಗ ಅದರ ದುಃಖ ಇಲ್ರಿ, ತಪ್ಪ ನಂದ ಇತ್ತು. ಆದ್ರ ಅಂವ ಬಾಗಲದಾಗ ನಿಂತ ನೋಡಿದ."

ಯಾರು ಎಂದು ಕರೀಮಸಾಬ ಕೇಳಿದ.

"ನನ್ನ ಗಂಡ ರೀ."

ಲೇಖನಿ ನಿಂತಿತು. ತಿರಕಪ್ಪನ ಬೆನ್ನು ಗೋಡೆಯಿಂದ ಎದ್ದಿತು. ಗಾಳೆಪ್ಪ ಮುಂಡರಗಿಯಲ್ಲಿ ಇದ್ದನಲ್ಲ ಎಂದು ಕರೀಮಸಾಬ ಬೆಣ್ಣೆಯಂಥ ದನಿಯಲ್ಲಿ ಕೇಳಿದ.

"ಇಲ್ರಿ. ಅದು ನಾವು ಕೂಡೇ ಮಾತಾಡಿಕೊಂಡದ್ದು, ಹಂಗ ಹೇಳೂದು ಅಂತ. ಈಗ ಖರೇ ಹೇಳಾಕತ್ತೀನಲ್ರಿ, ಫೌಜದಾರ್ರ ಬಿಡಸ್ತಾರ."

ಅವಳನ್ನು ತಡೆಯಬೇಕು, ಹೇಗೆ ತಡೆಯಬೇಕು? ಒಂದಕ್ಷರ ಬಿಡಬಾರದೆಂದು ಬಂದವನು ಪಕ್ಕದಲ್ಲೇ ಕೂತಿದ್ದಾನೆ. ಮಧ್ಯಾಹ್ನದಿಂದ ಈ ಬಾಯಿಯನ್ನು ತೆರೆಸಲು ಒದ್ದಾಡಿದ್ದ. ತೆರೆದ ಬಾಯಿಯನ್ನು ಮುಚ್ಚಿಸುವ ಒಂದು ಮಾತೂ ಅವನಿಗೆ ಹೊಳೆಯಲಿಲ್ಲ. ಕರೀಮಸಾಬ ಲೇಖನಿಯನ್ನು ಮಸಿಗೆ ಅದ್ದಿ, ಅವಸರವಿಲ್ಲದೆ, ಆಮೇಲೆ ನಿನ್ನ ಗಂಡ ಏನು ಮಾಡಿದ ಎಂದು ಕೇಳಿದ.

"ಅಕೀನ್ನ ಏನೂ ಕೇಳಬ್ಯಾಡ್ರಿ."

ಲಾಕಪ್ಪಿನ ಕಡೆಯಿಂದ ಬಂದ ದನಿ. ಗಾಳೆಪ್ಪ ಕಂಬಿ ಹಿಡಿದು ನಿಂತಿದ್ದ. ಇಷ್ಟು ದಿನ ಗೋಡೆಗೆ ಮುಖ ಮಾಡಿದ್ದವನು ಈಗ ಹೆಂಡತಿಯನ್ನೇ ನೋಡುತ್ತಿದ್ದ.

"ಅಕೀಗೇನೂ ಗೊತ್ತಿಲ್ಲ. ನಾ ಬರಸ್ತೀನಿ, ಬರಕೋರಿ."

ತಿರಕಪ್ಪ ಎದ್ದು ನಿಂತ. ಸುಮ್ಮನಿರು ಎಂದು ಗಾಳೆಪ್ಪನಿಗೆ ಹೇಳಿದ. ಅವನು ಕೇಳಿಸಿಕೊಳ್ಳಲಿಲ್ಲ. ಖರೆಯನ್ನೇ ಹೇಳುತ್ತಾನೋ, ಹೆಂಡತಿಯನ್ನು ಈ ಪ್ರಶ್ನೆಗಳಿಂದ ಉಳಿಸಲು ಇಲ್ಲದ್ದನ್ನು ಮೈಮೇಲೆ ಎಳೆದುಕೊಳ್ಳುತ್ತಾನೋ, ಆ ಕಣ್ಣಿನಿಂದ ಏನೂ ತಿಳಿಯುತ್ತಿರಲಿಲ್ಲ. ಅನ್ನಪೂರ್ಣವ್ವನ ಕೀಲಿಯ ಮಾತು ಬರೆದ ಹಾಳೆಯನ್ನು ಕರೀಮಸಾಬ ಕೆಳಗೆ ಸರಿಸಿ, ಹೊಸ ಹಾಳೆಯನ್ನು ಮೇಲಕ್ಕೆ ತೆಗೆದುಕೊಂಡ. ಕುರ್ಚಿಯನ್ನು ಕಂಬಿಯ ಕಡೆಗೆ ತಿರುಗಿಸಿದ.

ಸಾವಂತ್ರೆವ್ವ ಗಂಡನನ್ನು ನೋಡಿದಳು, ಆ ಹೊಸ ಹಾಳೆಯನ್ನು ನೋಡಿದಳು. ಅವಳ ಮುಖದ ನಗು ಮೆಲ್ಲಗೆ ಹೋಯಿತು. ತಿರಕಪ್ಪನ ಕಡೆಗೆ ತಿರುಗಿದಳು.

"ಖರೇ ಹೇಳಿದ್ರ ಬಿಡಸ್ತೀನಿ ಅಂದಿದ್ರಲ್ರಿ, ಸಾಹೇಬ್ರ."